ತಾತನ ಕತ್ತಿಗೆ ನಾನು ಸಾಣೆ ಹಿಡಿದದ್ದು

ಭಾನುವಾರ ಮಧ್ಯಾಹ್ನ
ನಮ್ಮ ಕೋಣೆಯಿಂದ, ಬಾಗಿಲಿಗೆ ಚಿಲಕ ಹಾಕಿಕೊಂಡು

ನನ್ನ ಬಂಗಾರದ ಅಮ್ಮಾ,

ಫೋನ್ ಇರುವಾಗ ಇವಳಿಗೆ ಕಾಗದದ ಹುಚ್ಚು ಯಾಕೆ ಅಂತ ಮೂಗು ಮುರಿಯಬೇಡ. ಈ ಮನೆಯ ಗೋಡೆ ತೆಳು, ಅತ್ತೆಯ ಕಿವಿ ಚುರುಕು, ನನ್ನ ಗಂಟಲು ಎಂಥದ್ದು ಅಂತ ನಿನಗೇ ಗೊತ್ತು. ಮೊದಲು ಒಂದು ಕೆಲಸ ಮಾಡು. ಅಪ್ಪ ಕಟ್ಟದೇ ಇಟ್ಟಿರುವ ಕಂದು ಬಣ್ಣದ ಚರ್ಮದ ಬೆಲ್ಟನ್ನು ಕೂಡಲೇ ಕೊರಿಯರ್ ಮಾಡು. ಯಾಕೆ ಅಂತ ಕೇಳಬೇಡ.

ನಾನು ಸುಖವಾಗಿದ್ದೇನೆ. ಎಷ್ಟು ಅಂದರೆ, ಇವರು ಟವೆಲ್ ಹಿಂಡುವುದನ್ನು ನೋಡಿದರೂ ಮುದ್ದು ಬರುತ್ತದೆ! ಆದರೆ ಇವತ್ತು ಬೆಳಿಗ್ಗೆ ಆ ಸುಖಕ್ಕೆಲ್ಲ ಸಂಚಕಾರ ಬರುವುದರಲ್ಲಿತ್ತು.

ಮದುವೆಗೆ ಮುಂಚೆ ಐಸ್‌ಕ್ರೀಮ್ ಅಂಗಡಿಯಲ್ಲಿ ಕೂತಿದ್ದಾಗ ಇವರು, "ನಾನು ಗಡ್ಡ ತೆಗೆಯೋದು ತಾತನ ಕತ್ತೀಲಿ ಮಾತ್ರ. ಅಂಗಡಿ ಬ್ಲೇಡು ನನಗೆ ಆಗಿಬರಲ್ಲ" ಅಂದಿದ್ದರು. ಹಿಡಿಯೊಳಗೆ ಮಡಚಿ ಕೂರುತ್ತದಲ್ಲ, ಆ ಹಳೇ ಕಾಲದ ಕ್ಷೌರದ ಕತ್ತಿ. ಕೇಳಿ ನಾನು ಕರಗಿಯೇ ಹೋದೆ. ಕರಗಿದವಳು ಸುಮ್ಮನಿರಬಾರದೇ? "ಅಯ್ಯೋ, ನಮ್ಮಪ್ಪನೂ ಅಷ್ಟೇ! ಚಿಕ್ಕಂದಿನಿಂದ ಅದಕ್ಕೆ ಸಾಣೆ ಹಿಡಿಯೋದು ನಾನೇ" ಅಂದುಬಿಟ್ಟೆ. ಬೈಯಬೇಡ ಅಮ್ಮಾ. ಅಪ್ಪನ ಗುಂಯ್‌ಗುಡುವ ಶೇವರ್ ಆ ಹೊತ್ತಿಗೆ ನೆನಪೇ ಆಗಲಿಲ್ಲ.

ಮದುವೆಯಾದ ವಾರವೇ ಇವರು ಕತ್ತಿಯನ್ನೂ ಸಾಣೆಕಲ್ಲನ್ನೂ ತಂದು ನನ್ನ ಮಡಿಲಿಗಿಟ್ಟು, "ಇನ್ಮೇಲೆ ಇದು ನಿನ್ನ ಡಿಪಾರ್ಟ್‌ಮೆಂಟು ಕಣೇ" ಅಂದರು. ನಾನು ವಿಡಿಯೋ ನೋಡಿದೆ. ಕಲ್ಲಿನ ಮೇಲೆ ಕತ್ತಿಯನ್ನು ಚಪ್ಪಟೆಯಾಗಿ ಮಲಗಿಸಿ, ಹರಿತದ ಬಾಯಿ ಮುಂದಾಗಿ ತಳ್ಳಬೇಕು, ಒತ್ತಲೇಬಾರದು. ನಾನೋ, ಕೊಳೆ ಕಾಲರ್ ತಿಕ್ಕುವ ಹಾಗೆ ತಿಕ್ಕಿದೆ. ಆಮೇಲೆ ಚರ್ಮದ ಪಟ್ಟಿಯ ಮೇಲೆ ಉಜ್ಜಬೇಕಂತೆ. ಬೀರುವಿನ ತಳದಲ್ಲಿ ಯಾರೂ ಮುಟ್ಟದ ಒಂದು ಬೆಲ್ಟ್ ಸಿಕ್ಕಿತು. ಕಿಟಕಿಯ ಸರಳಿಗೆ ಸಿಕ್ಕಿಸಿ, ಕಲ್ಲಿನ ಮೇಲೆ ಮಾಡಿದ ಹಾಗೇ ಬಾಯಿ ಮುಂದಾಗಿ ತಳ್ಳಿದೆ. ಚರ್ಮದ ಮೇಲೆ ಮಾತ್ರ ಬೆನ್ನು ಮುಂದಾಗಿ ಎಳೆಯಬೇಕು ಅನ್ನುವ ಭಾಗ ಬರುವ ಮುಂಚೆಯೇ ನಾನು ವಿಡಿಯೋ ನಿಲ್ಲಿಸಿದ್ದೆ. ಕತ್ತಿ ಸರ್ರನೆ ಬೆಲ್ಟಿನೊಳಕ್ಕೆ ಇಳಿಯಿತು. ಆಹಾ, ಎಂಥ ಹರಿತ ಅಂತ ಕುಣಿದೆ! ಬೆಲ್ಟಿನ ಗತಿ ಕಂಡದ್ದು ಆಮೇಲೆ: ಒಳಮೈ ಅರ್ಧಕ್ಕೆ ಸೀಳಿತ್ತು, ಸುರುಳಿ ಸುತ್ತಿ ಬೀರುವಿನ ತಳಕ್ಕೇ ಸೇರಿಸಿದೆ.

ಆ ಕತ್ತಿ ಕತ್ತರಿಸಿದ್ದು ಅದೊಂದನ್ನೇ. ಅಲ್ಲಿಂದ ಮುಂದೆ ನಾನು ಮಸೆದಷ್ಟೂ ಅದು ಮೊಂಡಾಯಿತು, ಟೊಮೆಟೊ ಸಿಪ್ಪೆಗೂ ಹೆದರತೊಡಗಿತು. ಹರಿತ ನೋಡಲು ಮುಂಗೈ ಕೂದಲು ಹೆರೆಯಬೇಕಂತೆ. ಕೂದಲು ಅಲ್ಲೇ ಇರುತ್ತಿತ್ತು, ಚರ್ಮ ಮಾತ್ರ ಕೆಂಪಾಗುತ್ತಿತ್ತು. ಅತ್ತೆ ನೋಡಿ, "ಪಾಪ, ನಮ್ಮ ಮನೆ ಸೊಳ್ಳೆಗೆ ಹೊಸ ರಕ್ತ ರುಚಿಸಿದೆ" ಅಂತ ಮುಲಾಮು ಹಚ್ಚಿ, ಸೊಳ್ಳೆ ಪರದೆ ಹೊಲಿಸಿದರು.

ವಿಚಿತ್ರ ಅಂದರೆ, ಇವರು ಅದೇ ಕತ್ತಿ ಹಿಡಿದು ಬಚ್ಚಲು ಸೇರಿ, ನುಣ್ಣನೆಯ ಕೆನ್ನೆಯ ಜೊತೆ ಹೊರಬಂದು, "ಬೆಣ್ಣೆ ಕಣೇ, ಬೆಣ್ಣೆ!" ಅನ್ನುತ್ತಿದ್ದರು. ಪ್ರೀತಿಗೆ ಇಷ್ಟೊಂದು ಶಕ್ತಿ ಇದೆಯಾ ಅಂತ ನಾನು ಬೆರಗಾಗಿದ್ದೆ.

ನಾಳೆ ಮಾವನ ಆಫೀಸಿನಲ್ಲಿ ಅವರದ್ದೇ ಭಾಷಣ. ಇವತ್ತು ಬೆಳಿಗ್ಗೆ ಮಾವ ಕುತ್ತಿಗೆಗೆ ಟವೆಲ್ ಸುತ್ತಿ, ಮುಖಕ್ಕೆಲ್ಲ ನೊರೆ ಬಳಿದುಕೊಂಡು, ನಡುಮನೆಯ ಕುರ್ಚಿಯಲ್ಲಿ ಕೂತೇಬಿಟ್ಟರು. "ನಮ್ಮಪ್ಪನ ಕತ್ತಿ, ಸೊಸೆ ಹಿಡಿದ ಸಾಣೆ, ಮಗನ ಕೈ. ನನಗಿಂತ ಪುಣ್ಯವಂತ ಯಾರಿದಾನೆ? ಬಾರೋ!" ಅಂತ ತಲೆ ಹಿಂದಕ್ಕೆ ಒರಗಿಸಿದರು. ಇವರು ಕತ್ತಿಯನ್ನು ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿದರು. ಅತ್ತೆ, "ಅಪ್ಪನ ಕುತ್ತಿಗೆ ಕಣೋ, ನಿಧಾನ" ಅಂದರು. ಸುಮ್ಮನಿದ್ದರೆ ಮಾವನ ಗಂಟಲು, ಬಾಯಿಬಿಟ್ಟರೆ ನನ್ನ ಮಾನ. ಕತ್ತಿ ನೊರೆಗೆ ತಾಗುವಷ್ಟರಲ್ಲಿ ನಾನು "ಬೇಡಾ! ನನಗೆ ಸಾಣೆ ಹಿಡಿಯಕ್ಕೆ ಬರಲ್ಲ!" ಅಂತ ಕಿರುಚಿದೆ. ಅದೇ ಉಸಿರಿನಲ್ಲಿ ಇವರೂ, "ಅಪ್ಪಾ, ನನಗೆ ಬೋಳಿಸಕ್ಕೆ ಬರಲ್ಲ!" ಅಂತ ಕೂಗಿದರು.

ಮಾವ ನೊರೆಯೊಳಗಿಂದ ಒಮ್ಮೆ ಇವರನ್ನು, ಒಮ್ಮೆ ನನ್ನನ್ನು ನೋಡಿದರು. ಇವರು ತಲೆ ತಗ್ಗಿಸಿಕೊಂಡು ಹೋಗಿ, ಗೀಸರ್ ಹಿಂದೆ ಬಚ್ಚಿಟ್ಟಿದ್ದ ಪ್ಲಾಸ್ಟಿಕ್ ರೇಜರ್‌ಗಳ ಪೊಟ್ಟಣ ತಂದು ಮುಂದಿಟ್ಟರು. ಮಾವ ಟವೆಲ್ಲಿನಿಂದ ನೊರೆ ಒರೆಸಿಕೊಂಡರು. ಕೊನೆಗೆ ಅತ್ತೆ ಕೇಳಿದ್ದು ಒಂದೇ: "ಹಾಗಾದ್ರೆ ಸೊಳ್ಳೆ?"

ಕೋಣೆಗೆ ಬಂದ ಮೇಲೆ ನನಗೆ ಅಳು. ಇಷ್ಟು ದೊಡ್ಡ ಸುಳ್ಳು ಹೇಳಿದವಳನ್ನು ಇನ್ನು ಯಾವ ಮಾತಿಗೆ ನಂಬುತ್ತಾರೆ? ಇವರು ನನ್ನ ಕೆಂಪು ಮುಂಗೈಯನ್ನು ಸವರುತ್ತಾ, "ಇಷ್ಟೆಲ್ಲ ನನ್ನ ಗಡ್ಡಕ್ಕಾ?" ಅಂದರು. ಆಮೇಲೆ ಮೆಲ್ಲಗೆ, "ನನ್ನ ಹಾಡು ಚೆನ್ನಾಗಿದೆ ಅಂದಿದ್ದೆಯಲ್ಲ, ಅದು?" ಅಂತ ಕೇಳಿದರು. ಅದು ಮಾತ್ರ ಸತ್ಯ ಅಂದೆ. ನೀನು ಆ ಹಾಡು ಕೇಳಿದ್ದೀಯ, ಸುಮ್ಮನಿರು. ಇನ್ನು ಮುಂದೆ ಸುಳ್ಳೇ ಇಲ್ಲ ಅಂತ ಇಬ್ಬರೂ ಆಣೆ ಮಾಡಿದೆವು. ವಿಡಿಯೋವನ್ನು ಜೊತೆಗೆ ಕೂತು, ಕೊನೆಯವರೆಗೂ ನೋಡಿದೆವು.

ಹಾಗಾಗಿ ನಾನು ಎಲ್ಲವನ್ನೂ ಒಪ್ಪಿಕೊಂಡಾಗಿದೆ. ಒಂದು ಸಣ್ಣ ವಿಷಯ ಬಿಟ್ಟು.

ನಿನ್ನ ತುಂಬಾ ತುಂಬಾ ಮುದ್ದಿನ,
ಬಾಯಿಬಡುಕಿ

ಮರೆತಿದ್ದು (ಸೋಮವಾರ ಬೆಳಿಗ್ಗೆ): ಕೊರಿಯರ್ ಬೇಡ ಅಮ್ಮಾ, ಇನ್ನು ಪ್ರಯೋಜನವಿಲ್ಲ. ಆ ಬೆಲ್ಟ್ ಯಾರೂ ಮುಟ್ಟದ್ದಲ್ಲವಂತೆ, ದೊಡ್ಡ ದಿನಗಳಿಗೆ ಅಂತ ಮಾವ ಎತ್ತಿಟ್ಟದ್ದಂತೆ. ಈಗ ತಾನೇ ಅದನ್ನೇ ಬಿಗಿದುಕೊಂಡು ಹೊರಟರು. "ಹೇಗಿದೀನಮ್ಮಾ?" ಅಂತ ಕೇಳಿದರು. "ಜೋರಾಗಿದೀರಿ ಮಾವ. ಭಾಷಣ ಮಾತ್ರ ಕೂತ್ಕೊಂಡೇ ಮಾಡಿ" ಅಂದೆ.