ಸನ್ನೆ ಮರೆತ ಸಂಜೆ

ಮಾರ್ಚ್ 4, ಬೆಳಿಗ್ಗೆ 7
ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿದ್ದಾಯಿತು. ಎರಡನೇ ದೃಶ್ಯ ಎರಡು ಸಲ ಓದಿದ್ದೂ ಆಯಿತು. ನಿನ್ನೆ ನಾಟಕದ ಹನ್ನೊಂದನೇ ಷೋ. ಹಾಲ್ ಮುಕ್ಕಾಲು ತುಂಬಿತ್ತು. ಅಕ್ಕ ಎಂದಿನಂತೆ ಎಡಗಡೆ ಪರದೆಯ ಹಿಂದೆ, ಸ್ಟೂಲ್ ಮೇಲೆ, ಸ್ಕ್ರಿಪ್ಟ್ ಹಿಡಿದು. ಮೂವತ್ತು ವರ್ಷದಿಂದ ನನಗೆ ಪ್ರಾಂಪ್ಟ್ ಮಾಡುವವಳು ಅವಳೇ. ನಮ್ಮದೊಂದು ಕರಾರು — ನಾನು ಹೆಬ್ಬೆರಳಿನಿಂದ ಕೋಟಿನ ಗುಂಡಿ ಮುಟ್ಟಿದರೆ ಮಾತ್ರ ಮಾತು ಎತ್ತಿಕೊಡಬೇಕು. ಇಲ್ಲದಿದ್ದರೆ ಸೂರು ಕಳಚಿ ಬಿದ್ದರೂ ಬಾಯಿ ಬಿಡುವಂತಿಲ್ಲ. ಹಿಂದೊಮ್ಮೆ, ನಾನು ಬೇಕೆಂದೇ ಸುಮ್ಮನೆ ನಿಂತಾಗ ಮಾತು ಕೊಟ್ಟುಬಿಟ್ಟಿದ್ದಳು. ನಾಲ್ಕು ದಿನ ಮುಖ ಕೊಟ್ಟು ಮಾತಾಡಿರಲಿಲ್ಲ ನಾನು. ನನ್ನ ಮೌನ ನೋಡಲೆಂದೇ ಜನ ಬರುತ್ತಾರೆ ಎಂಬ ಜಂಬ ಆಗ. ಈಗಲೂ ಇದೆ, ಸುಳ್ಳೇಕೆ.

ಮಾರ್ಚ್ 9, ಮಧ್ಯಾಹ್ನ
ನಿನ್ನೆ... ಬರೆದುಬಿಡುತ್ತೇನೆ. ಕೊನೆಯ ದೃಶ್ಯ. ಹತ್ತು ವರ್ಷದ ಮೇಲೆ ಮಗ ಬಾಗಿಲಲ್ಲಿ ನಿಂತು "ಒಳಗೆ ಬರ್ಲಾ ಅಪ್ಪಾ?" ಎನ್ನುತ್ತಾನೆ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು "ಊಟ ಮಾಡಿದ್ಯಾ?" ಎನ್ನಬೇಕು. ಅಷ್ಟೇ. ಬರಲಿಲ್ಲ. ತಡವರಿಸಿದ್ದಲ್ಲ — ಅಲ್ಲಿ ಏನೂ ಇರಲೇ ಇಲ್ಲ. ಎದುರಿಗಿರುವವನು ಯಾರೆಂದೂ ತಿಳಿಯಲಿಲ್ಲ. ಗುಂಡಿ ಮುಟ್ಟಬೇಕು ಎನ್ನುವುದೂ ಮರೆತಿತ್ತು. ಅಕ್ಕ ಕರಾರಿನಂತೆ ಸುಮ್ಮನಿದ್ದಳು. ನಾನೂರು ಜನ ಉಸಿರು ಬಿಗಿಹಿಡಿದಿದ್ದರು. ಅದು ಮೈಗೆ ಗೊತ್ತಾಗುತ್ತದೆ. ಆ ಖುಷಿಯೂ ಗೊತ್ತಾಯಿತು, ಬೇರೆ ಯಾರದೋ ಖುಷಿ ಎಂಬಂತೆ. ಕಡೆಗೆ ಮಾತು ತಾನಾಗಿ ಬಂತು. ಚಪ್ಪಾಳೆಯೋ ಚಪ್ಪಾಳೆ.

ನಿರ್ದೇಶಕ, ನನ್ನ ಅರ್ಧ ವಯಸ್ಸಿನವನು, ಕೈ ಹಿಡಿದುಕೊಂಡ. "ಸರ್, ಆ ಮೌನ ಹಾಗೇ ಇಟ್ಕೊಳ್ಳಿ. ದಿನಾ ಅಷ್ಟೇ ಹೊತ್ತು." ಹೂಂ ಅಂದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯ ಹಾಗೆ ಮರಗಟ್ಟಿದ್ದೇನೆ.

ಮಾರ್ಚ್ 10
ಅಕ್ಕ ಕಾಫಿ ಮುಂದಿಟ್ಟು ಕೂತಳು.
"ಮೊನ್ನೇದು ಮರೆತಿದ್ದು. ಅಲ್ವೇನೋ?"
"ಇಲ್ಲಕ್ಕ, ಬೇಕಂತಲೇ ನಿಂತಿದ್ದು."
"ಲೋ, ಇಲ್ಲಿ ಟಿಕೆಟ್ ತಗೊಂಡು ಕೂತೋರು ಯಾರೂ ಇಲ್ಲ. ನನ್ ಹತ್ರ ನಾಟಕ ಬೇಡ. ಡಾಕ್ಟರ್ ಹತ್ರ ಹೋಗೋಣ."
"ಷೋಗಳು ಮುಗೀಲಿ."
ಪೇಪರ್ ಓದುವವನಂತೆ ಕೂತೆ. ಒಂದಕ್ಷರ ಓದಲಿಲ್ಲ.

ಮಾರ್ಚ್ 23, ಬೆಳಿಗ್ಗೆ
ನಾಲ್ಕು ಷೋ ಸರಿಯಾಗಿ ಹೋದವು. ನಿನ್ನೆ ಮತ್ತೆ.

ಅದೇ ಬಾಗಿಲು, ಅದೇ ಮಗ. ನನ್ನ ಕೈ ಗುಂಡಿಗೆ ಹೋಗಲಿಲ್ಲ. ಈ ಸಲ ಅಕ್ಕ ಕರಾರು ಮುರಿದಳು. "ಊಟ ಮಾಡಿದ್ಯಾ" ಎಂದು ಪರದೆಯ ಹಿಂದಿನಿಂದ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಇನ್ನೊಮ್ಮೆ, ಜೋರಾಗಿ. ನಾನು ಅತ್ತ ತಿರುಗಿ, "ಇನ್ನೂ ಇಲ್ಲ ಅಕ್ಕಾ" ಎಂದೆ.

ಸ್ಟೂಲ್ ಬಿದ್ದ ಸದ್ದು. ಸ್ವೆಟರ್, ಕನ್ನಡಕದ ಸಮೇತ ಅಕ್ಕ ಸ್ಟೇಜಿನ ಬೆಳಕಿಗೆ ಬಂದಳು. ಜನ್ಮದಲ್ಲಿ ಮೊದಲ ಸಲ. ನನ್ನ ಮಣಿಕಟ್ಟು ಹಿಡಿದು, ಮಗನ ಪಾರ್ಟಿನವನಿಗೆ ಹೇಳಿದಳು — "ಊಟ ಮಾಡಿದ್ಯಾ ಅಂತ ಕೇಳ್ತಿದಾನೆ ಕಣಪ್ಪಾ. ಒಳಗೆ ಬಾ." ಆ ಹುಡುಗ ನಿಜಕ್ಕೂ ಅತ್ತ. ಲೈಟ್ ಆರಿತು. ಜನ ಎದ್ದು ನಿಂತಿದ್ದರು.

ಮನೆ ಸೇರುವ ತನಕ ಅಕ್ಕ ನನ್ನ ಮಣಿಕಟ್ಟು ಬಿಡಲಿಲ್ಲ.

ಮಾರ್ಚ್ 24, ಬೆಳಿಗ್ಗೆ 10
ಎಂಟಕ್ಕೇ ನಿರ್ದೇಶಕನ ಫೋನು. ಮೊನ್ನೆಯದು ಅದ್ಭುತವಂತೆ. ಅಕ್ಕನಿಗೂ ಕಾಸ್ಟ್ಯೂಮ್ ಹೊಲಿಸುತ್ತಾನಂತೆ. ಅಕ್ಕ ಫೋನ್ ಕಿತ್ತುಕೊಂಡಳು. "ನಾನು ಪಾರ್ಟ್ ಮಾಡೋಕೆ ಬರ್ಲಿಲ್ಲಪ್ಪಾ. ನನ್ ತಮ್ಮನ್ನ ಕರ್ಕೊಂಡು ಹೋಗೋಕೆ ಬಂದೆ." ಇಟ್ಟುಬಿಟ್ಟಳು. ಆಮೇಲೆ ನನ್ನತ್ತ ತಿರುಗಿ, "ಮಿಕ್ಕಿದ್ದು ನೀನೇ ಹೇಳು" ಎಂದಳು.

ಇನ್ನೂ ಆರು ಷೋ ಇವೆ. ಬೇಕು ನನಗೆ. ಆ ಬೆಳಕು, ಆ ನಾನೂರು ಜನ — ಅದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕೂತೆ. ಬರಲಿಲ್ಲ. ಅಕ್ಕ ಹಿಂದುಗಡೆ ಬಟ್ಟೆ ಒಣಹಾಕುತ್ತಿದ್ದಾಳೆ.

ನಿರ್ದೇಶಕ ಮತ್ತೆ ಫೋನ್ ಮಾಡಿದ್ದ; ಹತ್ತೂವರೆಗೆ ಅವನೇ ಬರುತ್ತಾನಂತೆ. ಹೇಳಬೇಕಾದ್ದನ್ನು ಇಲ್ಲೇ ಬರೆದುಕೊಂಡು, ನೋಡಿಕೊಂಡೇ ಹೇಳುತ್ತೇನೆ.

ನೋಡಪ್ಪಾ, ಇನ್ನು ಮೇಲೆ ನಾನು... ಮುಂದಿನ ಮಾತು ಬರುತ್ತಿಲ್ಲ; ಹೆಬ್ಬೆರಳು ಅಂಗಿಯ ಗುಂಡಿ ಹುಡುಕುತ್ತಿದೆ.