ಗೋಡೆ ಕೇಳಿಸಿಕೊಂಡ ‘ಆತು’

ಗದಗ–ಬೆಟಗೇರಿ
ಏಪ್ರಿಲ್ ಮೂವತ್ತಾರು, ೨೧೯೪

ನೂರೆಪ್ಪತ್ತು ವರ್ಷ ಹಿಂದಿನ ಮನೆಗಳಲ್ಲಿ ಓಡಾಡುತ್ತಿರುವ ಹಿರಿಯರಿಗೆ ಶರಣು.

ಏಪ್ರಿಲ್‌ಗೆ ಮೂವತ್ತಾರನೆಯ ದಿನ ಎಲ್ಲಿಂದ ಬಂತೆಂದು ನಗಬೇಡಿ. ಬೇಸಿಗೆಯ ಪಾಳಿ ನಡುವೆ ತುಂಡಾಗಬಾರದೆಂದು ನಾವು ಏಪ್ರಿಲ್‌ಗೆ ನಲವತ್ತು ದಿನ ಕೊಟ್ಟಿದ್ದೇವೆ. ಪಾಪ, ಮೇ ತಿಂಗಳಿಗೆ ಉಳಿದದ್ದು ಇಪ್ಪತ್ತೊಂದೇ. ನನ್ನ ಕನ್ನಡದಲ್ಲಿ ನಿಮಗೆ ಗುರುತಿಲ್ಲದ ಶಬ್ದಗಳು ಬಂದಾವು, ಕ್ಷಮೆ ಇರಲಿ. ಹಿಂದಿನ ಕಾಲಕ್ಕೆ ಒಂದು ಮನೆಯಿಂದ ಒಂದೇ ಪತ್ರ ಹಾಕಬಹುದೆಂಬ ನಿಯಮ ನಮ್ಮಲ್ಲಿದೆ. ನಮ್ಮ ಮನೆಯ ಆ ಪತ್ರವನ್ನು ಒಂದೇ ಒಂದು ಶಬ್ದದ ಸಲುವಾಗಿ ಬರೆಯುತ್ತಿದ್ದೇನೆ. ಆ ಶಬ್ದ ನಮಗೆ ನಿಮ್ಮಿಂದಲೇ ಬಂದದ್ದು.

ನಾನು ಗೌರಾಂಬಾ ಕುರಹಟ್ಟಿ. ಹನ್ನೆರಡು ಓಣಿಗಳಿಗೆ ತಂಪುಗಾಳಿ ಕಳಿಸುವ ಕಟ್ಟಡಕ್ಕೆ ನಾವು ಗಾಳಿಮನೆ ಎನ್ನುತ್ತೇವೆ. ಅಲ್ಲಿ ನಾನು ಬೆಳಗಿನ ಪಾಳಿಯ ಮೇಲ್ವಿಚಾರಕಿ. ಮನೆಯಲ್ಲಿ ಒಂಬತ್ತು ಜನ. ಬೆಳಗ್ಗೆ ಐದಕ್ಕೆ ಎದ್ದರೆ ಒಂಬತ್ತು ನೀರಿನ ಬಾಟಲಿ, ನಾಲ್ಕು ಮಕ್ಕಳ ಬುತ್ತಿ, ನನ್ನ ಗಂಡ ಕಲ್ಮೇಶನ ಕಳೆದುಹೋದ ಚಾವಿ, ಅದರ ನಡುವೆ ಗಾಳಿಮನೆಯ ಕರೆ. ಹತ್ತು ಕೈ ಇದ್ದರೂ ಸಾಲದು. ಹನ್ನೊಂದರೊಳಗೆ ಎಲ್ಲ ಮುಗಿಯಲೇಬೇಕು, ಏಕೆಂದರೆ ಹನ್ನೊಂದರಿಂದ ನಾಲ್ಕರವರೆಗೆ ಕದಹೊತ್ತು. ಓಣಿಗಳ ಕದ ಬೀಳುತ್ತವೆ, ಹೊರಗೆ ಐವತ್ತೊಂದು ಡಿಗ್ರಿ ಬಿಸಿಲು, ಹೊರಗೆ ಉಳಿದವರ ಜೀವಕ್ಕೆ ಯಾರೂ ಹೊಣೆಯಲ್ಲ.

ಇಂಥ ಮನೆಯನ್ನು ನಡೆಸಲು ನಮಗೊಂದು ನೆನಪುಗೋಡೆ ಇದೆ. ಅಡುಗೆಮನೆಯಲ್ಲಿ ನಿಂತು ಯಾರು ಏನು ಹೇಳಿದರೂ ಅದು ಕೇಳಿಸಿಕೊಂಡು ಬರೆದಿಡುತ್ತದೆ, ಮುಗಿದದ್ದನ್ನು ಹೊಡೆದುಹಾಕುತ್ತದೆ. ಅದೇ ಕೆಲಸಗಳ ಪಟ್ಟಿ ಎಲ್ಲರ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯಲ್ಲೂ ಕಾಣುತ್ತದೆ. ಅದಕ್ಕೆ ಕನ್ನಡ ಕಲಿಸಿದ್ದು ನಿಮ್ಮ ಕಾಲದ ಮನೆಮಂದಿಯ ಗ್ರೂಪುಗಳ ಹಳೆಯ ಸಂದೇಶಗಳಿಂದ. ಹತ್ತಕ್ಕೆಲ್ಲ ನಮ್ಮ ಗೋಡೆ ಖಾಲಿಯಾಗಿರುತ್ತಿತ್ತು. ಅಕ್ಕಪಕ್ಕದ ಹೆಂಗಸರನ್ನು ಕರೆದು ಅದನ್ನು ತೋರಿಸಿದ್ದೂ ಉಂಟು. ಅಷ್ಟು ಸೊಕ್ಕು ನನಗೆ.

ನಮ್ಮ ಅತ್ತೆ ಫಕೀರವ್ವ, ಎಪ್ಪತ್ತೆಂಟು ವರ್ಷ, ಮೊಳಕಾಲು ಸವೆದಿವೆ, ನಾಲಿಗೆ ಮಾತ್ರ ಸವೆದಿಲ್ಲ. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಿ ಎಂದರೆ ಬಳೆ ಸಾಕು ಎನ್ನುವವರು. ಪ್ರತಿ ಮಂಗಳವಾರ ಬೆಟಗೇರಿ ರಸ್ತೆಯ ಹಳೆಯ ಮಗ್ಗದ ಶೆಡ್ಡಿನಲ್ಲಿ ಗೆಳತಿಯರ ಜೊತೆ ಕೌದಿ ಹೊಲಿಯಲು ಹೋಗುತ್ತಿದ್ದರು. ವಾರದಲ್ಲಿ ಅವರು ತಮಗೆಂದು ಇಟ್ಟುಕೊಂಡ ಹೊತ್ತು ಅದೊಂದೇ. ಬೆಳಗ್ಗೆ ಓಣಿಯ ಗಾಡಿಯಲ್ಲಿ ಬಿಡುವುದು, ಹತ್ತೂವರೆಗೆ ಯಾರಾದರೂ ಹೋಗಿ ಕರೆತರುವುದು.

ಆರು ವಾರದ ಹಿಂದಿನ ಮಂಗಳವಾರ ಅವರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, “ಹತ್ತೂವರಿಗೆ ನೀನ ಬಾರವಾ, ಮರೀಬ್ಯಾಡ” ಎಂದರು. ನನ್ನ ಒಂದು ಕೈಯಲ್ಲಿ ರೊಟ್ಟಿ, ಕಿವಿಯಲ್ಲಿ ಗಾಳಿಮನೆಯ ಹುಡುಗಿಯ ಗಾಬರಿ ದನಿ. ತಿರುಗಿಯೂ ನೋಡದೆ “ಆತ್ರಿ ಅತ್ತಿ” ಎಂದೆ.

ನಿಮ್ಮಲ್ಲಿ ಕೆಲವರು ಆಯ್ತು ಎನ್ನುತ್ತೀರಿ, ನಮ್ಮ ಕಡೆ ಆತು. ಬರುತ್ತೇನೆ ಎಂಬುದಕ್ಕೂ ಆತು, ಬಂದು ಮುಗಿಯಿತು ಎಂಬುದಕ್ಕೂ ಆತು. ಅತ್ತೆಗೆ ಅದು ಸೊಸೆ ಕೊಟ್ಟ ಮಾತು. ಗೋಡೆ ‘ಅತ್ತೆಯನ್ನು ಕರೆತರುವುದು’ ಎಂದು ಬರೆದುಕೊಂಡು, ಅದೇ ಉಸಿರಿನಲ್ಲಿ ಹೊಡೆದುಹಾಕಿತು.

ಹತ್ತೂ ನಲವತ್ತಕ್ಕೆ ಕಲ್ಮೇಶ ನೋಡಿದ, ಪಟ್ಟಿ ಖಾಲಿ. ನಾದಿನಿ ದಾಕ್ಷಾಯಣಿ ತಾನು ಕಲಿಸುವ ಶಾಲೆಯಿಂದಲೇ ನೋಡಿದಳು, ಖಾಲಿ. ಗಾಳಿಮನೆಯಲ್ಲಿದ್ದ ನಾನೂ ನೋಡಿದೆ. ಅದೇ ಹೊತ್ತಿಗೆ ನಮ್ಮಲ್ಲಿ ದೊಡ್ಡ ಫ್ಯಾನೊಂದು ನಿಂತು, ಮೂರು ಓಣಿಗೆ ಗಾಳಿ ಕಡಿದುಹೋಗಿತ್ತು. ಮುಗಿದ ಕೆಲಸಗಳ ಸಾಲಿನಲ್ಲಿ ಗೀಟು ಬಿದ್ದ ಅತ್ತೆಯ ಹೆಸರು ಕಂಡಾಗ ನನಗೆ ಏನನಿಸಿತು ಗೊತ್ತೆ? ಹಾಯೆನಿಸಿತು. ಪುಣ್ಯಾತ್ಗಿತ್ತಿ ದಾಕ್ಷಾಯಣಿ ಹೋಗಿ ಕರೆತಂದಿರಬೇಕು ಎಂದುಕೊಂಡೆ. ನಾನು ಕೊಟ್ಟ ಮಾತನ್ನು ನಾನೇ ಬೇರೆಯವರ ಪಾಲಿಗೆ ಹಾಕಿ ಫ್ಯಾನಿನ ಕಡೆ ತಿರುಗಿದೆ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂದು ನಿಮ್ಮವರೇ ಹೇಳಿದ್ದು.

ಹನ್ನೊಂದೂ ಐದಕ್ಕೆ, ಅತ್ತೆಯ ಊಟ ಆಯಿತೇ ಎಂದು ಕೇಳಲು ದಾಕ್ಷಾಯಣಿಗೆ ಕರೆ ಮಾಡಿದೆ. ಕದ ಬೀಳುವ ಹೊತ್ತಿಗೆ ಆಕೆ ಆಗಷ್ಟೇ ಮನೆ ಸೇರಿದ್ದಳು.

“ವೈನಿ, ಅವ್ವನ್ನ ನೀವು ಕರಕೊಂಡು ಬಂದಿಲ್ಲೇನ್ರಿ?”

ಶೆಡ್ಡಿಗೆ ಹತ್ತೂ ಮುಕ್ಕಾಲಿಗೇ ಬೀಗ ಹಾಕುತ್ತಾರೆ. ಅತ್ತೆಯ ಗೆಳತಿಯೊಬ್ಬರಿಗೆ ಕರೆ ಮಾಡಿದರೆ, ಕೊನೆಯ ಗಾಡಿಗೆ ಬಾ ಎಂದು ಎಲ್ಲರೂ ಕೈಹಿಡಿದು ಎಳೆದರಂತೆ. ನನ್ನ ಸೊಸೆ ಬರುತ್ತೇನೆ ಅಂದಿದ್ದಾಳೆ, ನಾನು ಹೋಗಿಬಿಟ್ಟರೆ ಅವಳು ಬಿಸಿಲಲ್ಲಿ ನನ್ನನ್ನು ಹುಡುಕುತ್ತಾಳೆ ಎಂದು ಕೈ ಕೊಸರಿಕೊಂಡರಂತೆ.

ಕದಹೊತ್ತಿನಲ್ಲಿ ರಿಪೇರಿಯವರು ತೊಡುವ ತಂಪಂಗಿ ಒಂದಿತ್ತು. ಯಾರನ್ನೂ ಕೇಳದೆ ತೊಟ್ಟು ಹೊರಬಿದ್ದೆ. ಗಾಡಿಗಳಿಲ್ಲ, ಮೂವತ್ತೈದು ನಿಮಿಷದ ನಡಿಗೆ. ಡಾಂಬರು ಕಾಲಿಗೆ ಅಂಟುತ್ತಿತ್ತು. ದಾರಿಯುದ್ದಕ್ಕೂ ಮಣಿಕಟ್ಟಿನ ಪಟ್ಟಿ ಹಸಿರಾಗಿ ಮಿನುಗುತ್ತ, ಇಂದಿನ ಕೆಲಸಗಳೆಲ್ಲ ಮುಗಿದಿವೆ ಎನ್ನುತ್ತಿತ್ತು. ಕಿತ್ತು ಬಿಸಾಡಿದೆ. ಫಕೀರವ್ವನಿಗೆ ಏನಾದರೂ ಆದರೆ ನಾನೇ ಕೊಂದ ಹಾಗೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತ ನಡೆದೆ.

ಶೆಡ್ಡಿನ ಬಾಗಿಲ ಮುಂದೆ ಗೇಣಗಲ ನೆರಳು ಉಳಿದಿತ್ತು. ಅದರೊಳಗೆ ಕಾಲು ಮಡಚಿ, ಅರ್ಧ ಹೊಲಿದ ಕೌದಿಯನ್ನು ತಲೆಮೇಲೆ ಎಳೆದುಕೊಂಡು ಕುಳಿತಿದ್ದರು. ತುಟಿ ಒಡೆದು ಬಿಳಚಿತ್ತು, ಮೈಯಲ್ಲಿ ಬೆವರೇ ಇರಲಿಲ್ಲ. ತಂಪಂಗಿ ಬಿಚ್ಚಿ ಅವರಿಗೆ ತೊಡಿಸಿದೆ. ಕಣ್ಣು ಅರೆತೆರೆದು, “ಹಾದ್ಯಾಗ ನಿನಗೇನಾತೋ ಅಂತ ಅಂಜಿದ್ನೆವಾ” ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ದಾಕ್ಷಾಯಣಿಯಿಂದ ಸುದ್ದಿ ತಿಳಿದು ಕಲ್ಮೇಶ ದವಾಖಾನೆಯ ಬಂಡಿ ಹಿಡಿದು ಬಂದ. ಹನ್ನೊಂದು ದಿನ ಇಟ್ಟುಕೊಂಡು ಕಳಿಸಿದರು. ಜೀವ ಉಳಿಯಿತು, ಎಡಗೈ ನಡುಗುತ್ತದೆ. ಗೋಡೆ ಕೂರಿಸಿದವರೂ ಬಂದು ಪರೀಕ್ಷೆ ಮಾಡಿದರು. ಗೋಡೆಯದು ತಪ್ಪೇನಿಲ್ಲ, ನೀವು ಹೇಳಿದ್ದು ಭೂತಕಾಲ, ಹಳೆಯ ಸಂದೇಶಗಳಲ್ಲೂ ‘ಆಯ್ತು’ ಬಂದ ಮೇಲೆ ಆ ಮಾತು ಅಲ್ಲಿಗೇ ನಿಂತುಬಿಡುತ್ತದೆ ಎಂದು ವ್ಯಾಕರಣ ಹೇಳಿ ಹೋದರು. ಅವರ ಮೇಲೆ ಸಿಟ್ಟು ಬಂತು. ಆದರೆ ಸುಳ್ಳೆನ್ನಲು ಬಾಯಿ ಬರಲಿಲ್ಲ.

ಈಗ ನಮ್ಮ ಮನೆಯಲ್ಲಿ ಆ ಶಬ್ದವಿಲ್ಲ. ‘ನಾನು ಹೋಗ್ತೀನಿ’ ಎನ್ನಬೇಕು, ಹೋಗಿ ಬಂದ ಮೇಲೆ ‘ಹೋಗಿ ಬಂದೆ’ ಎನ್ನಬೇಕು. ಮಕ್ಕಳು ನನ್ನನ್ನು ಆಡಿಕೊಂಡು ನಗುತ್ತಾರೆ, ನಗಲಿ. ಅದು ಸುಲಭದ ಭಾಗ. ಸುಲಭವಲ್ಲದ್ದು ಅತ್ತೆ. ಅವರು ಏನನ್ನೂ ಕೇಳುವುದನ್ನೇ ಬಿಟ್ಟಿದ್ದಾರೆ. ಮಂಗಳವಾರ ಹೊರಡಿಸಲು ಹೋದರೆ, “ಇರಲಿ ಬಿಡವಾ, ನಿಮಗ ನೂರಾ ಎಂಟು ಕೆಲಸ” ಎನ್ನುತ್ತಾರೆ. ಕೊಂಕಿಲ್ಲ, ನಿಜಕ್ಕೂ ನನ್ನ ಮೇಲಿನ ಕನಿಕರದಿಂದ ಹೇಳುತ್ತಾರೆ. ನಡುಗುವ ಕೈಯಲ್ಲೇ ಗೋಡೆ ಹಿಡಿದು ನೀರಿಗೆ ಹೋಗುತ್ತಾರೆ, ಯಾರನ್ನೂ ಕೂಗುವುದಿಲ್ಲ. ಆರು ವಾರದಿಂದ ನಮ್ಮ ಪಟ್ಟಿಯಲ್ಲಿ ಅವರ ಹೆಸರಿನ ಒಂದು ಕೆಲಸವೂ ಇಲ್ಲ. ಗೋಡೆ ಇಷ್ಟು ಬೇಗ ಎಂದೂ ಖಾಲಿಯಾಗುತ್ತಿರಲಿಲ್ಲ. ಅದನ್ನು ತೋರಿಸಲು ಈಗ ಯಾರನ್ನೂ ಕರೆಯುವುದಿಲ್ಲ.

ನಿಮ್ಮ ಕ್ಯಾಲೆಂಡರು, ಚೀಟಿ, ಫೋನಿನ ಗಂಟೆ ಎಲ್ಲ ಇರಲಿ, ನಾನು ಬೇಡವೆನ್ನುವುದಿಲ್ಲ. ಅವಿಲ್ಲದೆ ಸಂಸಾರ ಸಾಗದು. ನನ್ನ ಕೋರಿಕೆ ಇಷ್ಟೇ. ಪಟ್ಟಿ ಮುಗಿದ ದಿನ, ಅದರಲ್ಲಿ ಇತ್ತೀಚೆಗೆ ಯಾರ ಹೆಸರು ಬರುತ್ತಿಲ್ಲ ಎಂದು ಒಮ್ಮೆ ನೋಡಿ.

ಇಂದು ಮಂಗಳವಾರ. ಗಾಳಿಮನೆಯಿಂದ ಎರಡು ಸಲ ಕರೆ ಬಂತು, ಎತ್ತಲಿಲ್ಲ. ಅತ್ತೆ ಪಡಸಾಲೆಯಲ್ಲಿ ಒಬ್ಬರೇ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದಾರೆ. ನನ್ನನ್ನು ಕರೆದಿಲ್ಲ.

ನಾನು ಹೋಗುತ್ತೇನೆ.