ಅಳಿಯನ ತೋಳಿನ ಹತ್ತಿ

ಡಾಕ್ಟರಮ್ಮನವರಿಗೆ ನಮಸ್ಕಾರ.

ಮಗಳ ಕೂದಲೆಲ್ಲ ಬಾಚಣಿಗೆಗೆ ಬಂದ ಹಾಗೆ ಕನಸು ಬಿತ್ತು. ತೂಕ ಇಳಿಸುವ ಆಪರೇಷನ್ ಆದವಳು, ಮಾಂಸ ಮುಟ್ಟದವಳು, ಪ್ರೋಟೀನಿಗೆ ಪನೀರು, ಬೇಳೆ ಬಿಡಬಾರದು ಎಂದಿದ್ದಿರಿ. ನಾನೇ ಮಸೆದು ಕೊಡುತ್ತೇನೆ, ತಟ್ಟೆ ಖಾಲಿಯಾಗುತ್ತದೆ. ಆದರೆ ಮಗಳು ಸೊರಗುತ್ತಿದ್ದಾಳೆ, ಪಕ್ಕದ ಮನೆ ಬೆಕ್ಕು ಗುಂಡಗಾಗುತ್ತಿದೆ. ಕೇಳಿದರೆ, "ಅಮ್ಮಾ, ನಿಂಗೆ ಎಲ್ಲಾದ್ರಲ್ಲೂ ಅನುಮಾನ" ಅಂತಾಳೆ.

ಮೊನ್ನೆ ರಕ್ತದ ರಿಪೋರ್ಟಿನಲ್ಲಿ ಪ್ರೋಟೀನ್ ಚೆನ್ನಾಗಿದೆ ಎಂದು ಬಂತಂತೆ. ಅವಳ ತೋಳಲ್ಲಿ ಸೂಜಿ ಗುರುತೇ ಇಲ್ಲ. ಹತ್ತಿ ಅಂಟಿಸಿಕೊಂಡು ಬಂದವನು ಅಳಿಯ! "ಸೊಳ್ಳೆ ಕಚ್ಚಿತು ಅತ್ತೆ" ಅಂದ. ಪ್ರೋಟೀನ್ ಕಮ್ಮಿ ಬಂದರೆ ನೀವು ಅವಳನ್ನು ಮತ್ತೆ ಆಸ್ಪತ್ರೆಗೆ ಸೇರಿಸುತ್ತೀರೆಂದು ಇಬ್ಬರಿಗೂ ಭಯ. ನಾನು ಬರೆದದ್ದು ಹೇಳಬೇಡಿ. ಓದು ಕಮ್ಮಿ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವಳದು ಓ ಗುಂಪು, ಅಳಿಯನದು ಬಿ. ಆ ಸೀಸೆಯಲ್ಲಿದ್ದ ರಕ್ತ ಯಾವ ಗುಂಪಿನದು, ಇನ್ನೊಂದು ಸಲ ನೋಡಿಬಿಡಿ.

ಇಂತಿ,
ಅವಳ ತಾಯಿ